ಗೋಡಿನೊಳಗಿನ ಸಾಕ್ಷಿಗಳು

ನಮ್ಮ ಊರಿನ ಕೆರೆ ಬೇಸಿಗೆಯಲ್ಲಿ ಬತ್ತಿ ಅಂಗಳ ಬಿರಿಯತೊಡಗಿತೆಂದರೆ ಊರಿನ ಗಾಡಿಗಳೆಲ್ಲ ಕೆರೆಗೆ ಇಳಿಯುತ್ತಿದ್ದುವು. ಅದು ಗೋಡು ಹೊಡೆಯುವ ಕಾಲ. ಮಳೆಯ ನೀರು ಹೊಲಗಳಿಂದ ಕೊಚ್ಚಿ ತಂದು ಕೆರೆಯ ತಳದಲ್ಲಿ ಕೂಡಿಟ್ಟ ಕಪ್ಪು ಮಣ್ಣನ್ನು ಮತ್ತೆ ಹೊಲಕ್ಕೇ ಹಿಂದಿರುಗಿಸುವುದು ಬಯಲುಸೀಮೆಯ ರೈತನ ಹಳೆಯ ಪದ್ಧತಿ. ಕೆರೆಯ ಹೂಳು ತೆಗೆದಂತೆಯೂ ಆಯಿತು, ಹೊಲಕ್ಕೆ ಗೊಬ್ಬರ ಬಿದ್ದಂತೆಯೂ ಆಯಿತು. ನಮ್ಮ ತಾತ ಮಾತ್ರ ಮೊದಲನೆಯ ಗಾಡಿ ತುಂಬುವ ಮುನ್ನ ಒಂದು ಶಾಸ್ತ್ರವನ್ನು ತಪ್ಪದೆ ನಡೆಸುತ್ತಿದ್ದರು. ಇನ್ನೂ ಹಸಿ ಆರದ ಕಡೆ ಕುಕ್ಕುರುಗಾಲಲ್ಲಿ ಕುಳಿತು, ಒಂದು ಹಿಡಿ ಗೋಡನ್ನು ಅಂಗೈಯಲ್ಲಿ ಹರಡಿ, ಮೂಗಿನ ಬಳಿ ಹಿಡಿದು, ಬೆರಳಿನಿಂದ ಮೆಲ್ಲನೆ ಕೆದಕುವರು. ಅದರಲ್ಲಿ ಒಂದೆರಡು ಹುಳುಗಳು ಮಿಸುಕಾಡಿದರೆ ತಲೆಯಾಡಿಸಿ "ಹೂಂ, ತುಂಬಿ" ಎನ್ನುವರು. ಏನೂ ಮಿಸುಕದಿದ್ದರೆ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಕುಳಿತುಕೊಳ್ಳುವರು. "ಅದ್ಯಾಕೆ ತಾತ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಹುಳ ಬಾಳದ ಮಣ್ಣಾಗೆ ಪೈರು ಬಾಳ್ತದೇನ್ಲಾ?" ಎಂದು ನನ್ನನ್ನೇ ಕೇಳಿದ್ದರು.

ಮುಂದೆ ನಾನು ಪ್ರಾಣಿಶಾಸ್ತ್ರವನ್ನು ಓದಿ, ಅದನ್ನೇ ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬೋಧಿಸಿದೆ. ಬೆನ್ನುಮೂಳೆಯಿಲ್ಲದ ಜೀವಿಗಳಿಗೆ, ಎಂದರೆ ಅಕಶೇರುಕಗಳಿಗೆ, ನಮ್ಮ ಪಠ್ಯಕ್ರಮದಲ್ಲಿ ದೊಡ್ಡ ಪಾಲೇ ಇತ್ತು. ಹುಳುವಿನ ಅಡ್ಡ ಸೀಳಿಕೆ, ಉದ್ದ ಸೀಳಿಕೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ಹುಳುವನ್ನು ಏನನ್ನಾದರೂ ಕೇಳಬಹುದೆಂಬುದು, ಕೇಳಿದರೆ ಅದು ಉತ್ತರ ಕೊಟ್ಟೀತೆಂಬುದು ನನಗೆ ಹೊಳೆಯಲೇ ಇಲ್ಲ. ತಾತನ ಪ್ರಶ್ನೆಯನ್ನು ನಾನು ಮರೆತೇಬಿಟ್ಟಿದ್ದೆ. ನಿವೃತ್ತನಾದ ಮೇಲೆ, ಮಗನ ಮನೆಯಲ್ಲಿ ಕೆಲವು ತಿಂಗಳಿರಲು ಕೆನಡಾ ದೇಶದ ಹ್ಯಾಮಿಲ್ಟನ್ ನಗರಕ್ಕೆ ಹೋದಾಗ ಅದು ಹೊಸ ವೇಷದಲ್ಲಿ ಮತ್ತೆ ನನ್ನೆದುರಿಗೆ ಬಂದು ನಿಂತಿತು.

ಹ್ಯಾಮಿಲ್ಟನ್ ಒಂಟಾರಿಯೊ ಸರೋವರದ ಪಶ್ಚಿಮದ ತುದಿಯಲ್ಲಿರುವ ಉಕ್ಕಿನ ಪಟ್ಟಣ. ೧೯೧೦ರ ಸುಮಾರಿನಿಂದ ಅಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಗಳು ನಡೆದುಬಂದಿವೆ. ಊರಿನ ಬಂದರು ನೋಡಲು ಬಹು ಚೆನ್ನ. ಬೇಸಿಗೆಯ ಸಂಜೆ ನೀಲಿ ನೀರು, ಬಿಳಿಯ ಹಾಯಿದೋಣಿಗಳು, ದಡದ ಮೇಲೆ ಮಕ್ಕಳು. "ಎಷ್ಟು ತಿಳಿಯಾಗಿದೆಯಪ್ಪಾ ನೀರು!" ಎಂದೆ. ಮಗ ನಕ್ಕು, "ಮೇಲೆ ನೋಡಿ ಮರುಳಾಗಬೇಡಿ ಅಪ್ಪ, ಇದರ ಕತೆಯೆಲ್ಲ ತಳದಲ್ಲಿದೆ" ಎಂದ.

ಅವನು ಹೇಳಿದುದು ನಿಜ. ಆ ಬಂದರಿನಲ್ಲಿ ರ್‍ಯಾಂಡಲ್ ರೀಫ್ ಎಂಬ ಒಂದು ಜಾಗವಿದೆ. ಒಂದು ಶತಮಾನಕ್ಕೂ ಹೆಚ್ಚು ಕಾಲದ ಕೈಗಾರಿಕೆಯ ಕಶ್ಮಲ, ಮುಖ್ಯವಾಗಿ ಕಲ್ಲಿದ್ದಲ ಡಾಂಬರು, ಅಲ್ಲಿಯ ಕೆಸರಿನಲ್ಲಿ ಸೇರಿಕೊಂಡಿದೆ. ಅಂಥ ಕೆಸರಿನ ಪ್ರಮಾಣ ಸುಮಾರು ೬,೯೫,೦೦೦ ಘನ ಮೀಟರುಗಳೆಂದು ಲೆಕ್ಕ ಹಾಕಿದ್ದಾರೆ. ಅದನ್ನು ಹೊರಗೆ ಸಾಗಿಸುವುದಕ್ಕೆ ಬದಲಾಗಿ, ೨೦೧೦ರ ದಶಕದಲ್ಲಿ ಬಂದರಿನೊಳಗೇ ಉಕ್ಕಿನ ಇಮ್ಮಡಿ ಗೋಡೆ ಹಾಕಿ, ಆರು ಹೆಕ್ಟೇರುಗಳಿಗೂ ಮಿಗಿಲಾದ ಒಂದು ಪೆಟ್ಟಿಗೆಯನ್ನೇ ಕಟ್ಟಿ, ಅತ್ಯಂತ ಕೆಟ್ಟ ಕೆಸರನ್ನು ಅದರೊಳಗೆ ಸೆರೆಯಿಡುವ ಕೆಲಸಕ್ಕೆ ಕೈಹಾಕಿದರು.

ಕೊಳೆ ಹೀಗೆ ತಳವನ್ನೇ ಏಕೆ ಸೇರುತ್ತದೆ? ನೀರಿಗೆ ಬಿದ್ದ ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ಮೊದಲಾದ ಲೋಹಗಳೂ ಎಣ್ಣೆಯ ಜಾತಿಯ ವಿಷಗಳೂ ನೀರಿನಲ್ಲಿ ತೇಲಿಕೊಂಡು ಬಹಳ ಕಾಲ ಇರುವುದಿಲ್ಲ. ನುಣುಪಾದ ಜೇಡಿಮಣ್ಣಿನ ಕಣಗಳಿಗೂ ಕೊಳೆತ ಎಲೆಪುಡಿಗೂ ಅಂಟಿಕೊಂಡು ಕೆಳಗಿಳಿಯುತ್ತವೆ. ಕಾರ್ಖಾನೆಯ ಬಾಗಿಲು ಮುಚ್ಚಿದರೂ, ಕೊಳವೆಯನ್ನು ಕಡಿದರೂ, ನೀರು ಕನ್ನಡಿಯಂತೆ ತಿಳಿಯಾದರೂ, ತಳದ ಕೆಸರು ಅಜ್ಜನ ಕಾಲದ ಸಾಲಪತ್ರವನ್ನು ಮೊಮ್ಮಗನ ಮುಂದೆ ಬಿಚ್ಚುವ ಸಾಹುಕಾರನಂತೆ ಹಳೆಯ ಲೆಕ್ಕವನ್ನು ಹಾಗೆಯೇ ಇಟ್ಟುಕೊಂಡಿರುತ್ತದೆ.

ಆ ಲೆಕ್ಕವನ್ನು ಓದುವುದು ಹೇಗೆ? ರಸಾಯನಶಾಸ್ತ್ರಜ್ಞನನ್ನು ಕರೆದರೆ ಆಯಿತು ಎಂದು ವಾಚಕರು ಹೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಮಗನ ಪರಿಚಯದವರೊಬ್ಬರು ಕೆಸರನ್ನು ಪರೀಕ್ಷಿಸುವ ಒಂದು ಪ್ರಯೋಗಶಾಲೆಯಲ್ಲಿದ್ದರು. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರೆಂದು ತಿಳಿದು ಒಂದು ದಿನ ಅಲ್ಲಿಗೆ ಕರೆದೊಯ್ದರು. ಹೊಳೆಯುವ ಯಂತ್ರಗಳನ್ನು ಕಾಣುವೆನೆಂದು ಹೋದವನಿಗೆ ಕಂಡುದು ಸಾಲುಸಾಲಾಗಿ ಗಾಜಿನ ಲೋಟಗಳು, ಪ್ರತಿಯೊಂದರ ತಳದಲ್ಲಿ ಎರಡು ಬೆರಳು ಕೆಸರು, ಮೇಲೆ ತಿಳಿನೀರು, ಗುಳುಗುಳು ಎಂದು ಗಾಳಿಯೂದುವ ಸಣ್ಣ ಕೊಳವೆ. ಕಣ್ಣನ್ನು ಹತ್ತಿರ ತಂದು ನೋಡಿದೆ. ಕೆಸರು ಮಿಸುಕಿತು. ನನಗೆ ತಾತನ ಅಂಗೈ ನೆನಪಾಯಿತು.

ಆ ಮಹಾಸರೋವರಗಳ ಕೆಸರನ್ನು ಪರೀಕ್ಷಿಸುವುದಕ್ಕೆ ಕೆನಡಾದ ವಿಜ್ಞಾನಿಗಳು ನಾಲ್ಕು ಜೀವಿಗಳನ್ನು ಆರಿಸಿಕೊಂಡಿದ್ದಾರೆ. ಮೊದಲನೆಯದು ಕೈರೋನೊಮಸ್ ಎಂಬ ಕೀಟದ ಮರಿ. ಸಂಜೆ ದೀಪದ ಸುತ್ತ ಮುತ್ತುವ, ಸೊಳ್ಳೆಯಂತೆಯೇ ಕಂಡರೂ ಕಚ್ಚದ ನೊಣವಿದೆಯಲ್ಲ, ಅದರ ಸಂತತಿ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನ ಜಾತಿಯದೇ ಆದ ವಸ್ತು ಅದರ ಮೈಯಲ್ಲೂ ಇರುವುದರಿಂದ ಕೆಂಪಗಿರುತ್ತದೆ. ಆಮ್ಲಜನಕ ಕಡಮೆಯಿರುವ ಕೆಸರಿನಲ್ಲಿಯೂ ಬಾಳಬಲ್ಲದು. ಎರಡನೆಯದು ಹಯಲೆಲ್ಲ ಅಜ್ಟೆಕ. ಇದು ಸಿಗಡಿಯ ದೂರದ ನಂಟ, ಅಕ್ಕಿಕಾಳಿನಷ್ಟು ಗಾತ್ರ. ೧೮೫೮ರಲ್ಲಿ ಮೆಕ್ಸಿಕೊ ದೇಶದ ಮಾದರಿಗಳಿಂದ ಮೊದಲು ವರ್ಣಿತವಾದುದರಿಂದ ಆ ಹೆಸರು. ಮೂರನೆಯದು ಟ್ಯೂಬಿಫೆಕ್ಸ್: ತಲೆಯನ್ನು ಕೆಸರಿನಲ್ಲಿ ಹುಗಿದು, ಬಾಲವನ್ನು ನೀರಿನಲ್ಲಿ ಆಡಿಸುತ್ತ, ಕೆಳಗಿನ ಮಣ್ಣನ್ನು ತಿಂದು ಮೇಲಕ್ಕೆ ಹಾಕುವ, ಎರೆಹುಳುವಿನ ಬಳಗದ ದಾರದಂಥ ಹುಳು. ನಾಲ್ಕನೆಯದು ಹೆಕ್ಸಜೀನಿಯ, ಇಂಗ್ಲಿಷಿನಲ್ಲಿ ಮೇಫ್ಲೈ ಎನ್ನುವ ಕೀಟದ ಮರಿ. ಕೆಸರಿನಲ್ಲಿ ಇಂಗ್ಲಿಷಿನ ಯು ಅಕ್ಷರದಾಕಾರದ ಸುರಂಗ ಕೊರೆದುಕೊಂಡು, ಕಿವಿರುಗಳನ್ನು ಬೀಸಣಿಗೆಯಂತೆ ಬೀಸಿ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ.

ಇವುಗಳನ್ನು ಅನುಮಾನದ ಕೆಸರಿನಲ್ಲಿ ಬಿಡುವರು. ಕೆಂಪು ಮರಿಗೆ ೧೦ ದಿನ, ಮೇಫ್ಲೈ ಮರಿಗೆ ೨೧ ದಿನ, ಉಳಿದೆರಡಕ್ಕೆ ೨೮ ದಿನ. ಅವಧಿ ಮುಗಿದೊಡನೆ ಜರಡಿಯಾಡಿ ಎಣಿಸುವರು. ಎಷ್ಟು ಬದುಕಿವೆ? ಬದುಕಿದವು ಎಷ್ಟು ಬೆಳೆದಿವೆ? ಟ್ಯೂಬಿಫೆಕ್ಸ್ ಎಷ್ಟು ಮೊಟ್ಟೆಗೂಡುಗಳನ್ನಿಟ್ಟಿದೆ, ಎಷ್ಟು ಮರಿಯಾಗಿವೆ? ಸಾಯುವುದೊಂದೇ ಕೆಡುಕಲ್ಲ. ಸಾಯದೆಯೂ ಬೆಳೆಯದಿರುವುದು, ಬೆಳೆದೂ ಸಂತಾನವಾಗದಿರುವುದು ಇವೂ ಮಣ್ಣು ಹೇಳುವ ಮಾತುಗಳೇ. ಜೊತೆಗೆ, ಕಳಂಕವಿಲ್ಲದ ಕಡೆಯಿಂದ ತಂದ ಕೆಸರಿನಲ್ಲಿಯೂ ಅವೇ ಜೀವಿಗಳನ್ನು ಅಷ್ಟೇ ದಿನ ಇಟ್ಟಿರುತ್ತಾರೆ. ಆ ಹೋಲಿಕೆಯಿಲ್ಲದೆ ಯಾವ ಸಾಕ್ಷ್ಯವೂ ನಿಲ್ಲದು. ಗಾಳಿ ಸಾಲದೆ ಸತ್ತವೋ, ಹಸಿದು ಸತ್ತವೋ, ವಿಷದಿಂದ ಸತ್ತವೋ ಎಂದು ಅಡ್ಡಪ್ರಶ್ನೆ ಹಾಕಿದರೆ ಉತ್ತರವಿರಬೇಕಲ್ಲವೇ?

"ಯಂತ್ರಗಳಿಗೆ ಗೊತ್ತಾಗದುದು ಇವುಗಳಿಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದೆ. ಆ ವಿಜ್ಞಾನಿ ಕೊಟ್ಟ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುವೆನು. ಒಂದು ಊರಿನಲ್ಲಿ ನೂರು ಮಂದಿ ಕಳ್ಳರಿದ್ದಾರೆಂದು ತಿಳಿದರೆ ಸಾಲದು. ಅವರಲ್ಲಿ ಜೈಲಿನಲ್ಲಿರುವವರೆಷ್ಟು, ಬೀದಿಯಲ್ಲಿರುವವರೆಷ್ಟು ಎಂಬುದು ತಿಳಿಯಬೇಕು. ರಸಾಯನಶಾಸ್ತ್ರಜ್ಞ ಒಟ್ಟು ಸಂಖ್ಯೆಯನ್ನು ಕೊಡುತ್ತಾನೆ. ಬೀದಿಯಲ್ಲಿರುವವರನ್ನು ಬಲ್ಲುದು ಬೀದಿಯಲ್ಲಿ ಬಾಳುವ ಬಡವ. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಗಂಧಕದ ಸಲ್ಫೈಡುಗಳಿರುತ್ತವೆ. ಅವು ಸತು, ಸೀಸ, ಕ್ಯಾಡ್ಮಿಯಂಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಹೀಗೆ ಕಟ್ಟುಬಿದ್ದ ಲೋಹ ಹುಳುವಿನ ಮೈಯನ್ನು ಸುಲಭವಾಗಿ ಸೇರದು. ಅಮೆರಿಕದ ಡಿ ಟೋರೊ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ಕ್ಯಾಡ್ಮಿಯಂ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟರು. ಆದುದರಿಂದ ಒಂದೇ ಅಳತೆಯ ಲೋಹವಿರುವ ಎರಡು ಕೆಸರುಗಳಲ್ಲಿ ಒಂದು ಹುಳುವನ್ನು ಕೊಲ್ಲಬಹುದು, ಇನ್ನೊಂದು ಸಾಕಬಹುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀರಿನಡಿಯಲ್ಲಿ ಗಾಳಿ ಸೋಕದೆ ಇರುವವರೆಗೆ ಮಾತ್ರ ಆ ಜೈಲಿನ ಬಾಗಿಲು ಭದ್ರ. ಕೆಸರನ್ನು ಅಗೆದು ಮೇಲಕ್ಕೆತ್ತಿ ಬಿಸಿಲಿಗೆ ಹರಡಿದರೆ ಸಲ್ಫೈಡು ಗಾಳಿಯೊಡನೆ ಕೂಡಿ ಬದಲಾಗುತ್ತದೆ. ಅದು ಕಟ್ಟಿಹಾಕಿದ್ದ ಲೋಹ ಬಿಡುಗಡೆ ಹೊಂದಬಹುದು. ಈ ಮಾತು ಕೇಳಿದಾಗ ನಮ್ಮೂರ ಗೋಡಿನ ಗಾಡಿಗಳು ಕಣ್ಣಮುಂದೆ ಹಾದುಹೋದುವು. ಆದರೆ ಅದು ಬರಿಯ ನೆನಪು ಎಂದುಕೊಂಡು ಸುಮ್ಮನಾದೆ.

ತಳದ ಜೀವಿಗಳನ್ನು ಸಾಕ್ಷಿಗೆ ಕರೆಯುವ ಪದ್ಧತಿ ಹೊಸದೇನೂ ಅಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬವರು, ಕೊಳಕು ನೀರಿನಲ್ಲಿ ಯಾವ ಪ್ರಾಣಿಗಳಿರುತ್ತವೆ, ತಿಳಿನೀರಿನಲ್ಲಿ ಯಾವುವು ಎಂಬುದರ ಪಟ್ಟಿಯನ್ನು ೧೯೦೯ರಲ್ಲಿಯೇ ಪ್ರಕಟಿಸಿದರು. ಈಚಿನವರು ಅದಕ್ಕೆ ಕಟ್ಟುನಿಟ್ಟು ತಂದರು. ೧೯೮೫ರಲ್ಲಿ ಲಾಂಗ್ ಮತ್ತು ಚ್ಯಾಪ್‌ಮನ್ ಎಂಬ ವಿಜ್ಞಾನಿಗಳು ಮೂರು ಸಾಕ್ಷ್ಯಗಳು ಒಟ್ಟಿಗೆ ಬೇಕೆಂದು ಪ್ರತಿಪಾದಿಸಿದರು: ಕೆಸರಿನಲ್ಲಿ ಏನೇನಿದೆಯೆಂಬ ರಾಸಾಯನಿಕ ವಿಶ್ಲೇಷಣೆ ಒಂದು, ಪ್ರಯೋಗಶಾಲೆಯಲ್ಲಿ ಜೀವಿಗಳ ಮೇಲೆ ಅದರ ಪರಿಣಾಮ ಇನ್ನೊಂದು, ಆ ಸ್ಥಳದ ತಳದಲ್ಲಿಯೇ ಸಹಜವಾಗಿ ಯಾವ ಯಾವ ಜೀವಿಗಳು ಬಾಳುತ್ತಿವೆಯೆಂಬುದು ಮತ್ತೊಂದು. ಮೂವರೂ ಒಂದೇ ಮಾತನ್ನು ಹೇಳಿದರೆ ತೀರ್ಪು ಸುಲಭ. ಬೇರೆಬೇರೆ ಹೇಳಿದರೆ ಮತ್ತೆ ವಿಚಾರಣೆ.

ತೀರ್ಪಿನ ಮೇಲೆ ಬಹಳವೇ ನಿಂತಿದೆ. ಕೆಸರನ್ನು ತೆಗೆಯುವುದಕ್ಕೆ ಕೋಟಿಗಟ್ಟಲೆ ಹಣ ಬೇಕು. ತೆಗೆಯುವಾಗ ಅದು ಕದಡಿ ವಿಷ ಹರಡಲೂಬಹುದು. ತೆಗೆಯದೆ ಬಿಟ್ಟರೆ ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ ವಿಷ ಏರಿಬರಬಹುದು. ಆದುದರಿಂದಲೇ ೧೯೮೭ರಲ್ಲಿ ಅಮೆರಿಕ ಮತ್ತು ಕೆನಡಾಗಳು ಮಹಾಸರೋವರಗಳ ಒಪ್ಪಂದವನ್ನು ತಿದ್ದಿದಾಗ, ಕೆಟ್ಟ ತಾಣಗಳನ್ನು ಗುರುತಿಸಲು ಬರೆದ ೧೪ ಲಕ್ಷಣಗಳಲ್ಲಿ ತಳಜೀವಿಗಳ ಅವನತಿಯನ್ನೂ ಒಂದಾಗಿ ಸೇರಿಸಿದರು. ಎರಡು ದೊಡ್ಡ ರಾಷ್ಟ್ರಗಳ ಕರಾರಿನಲ್ಲಿ ಹುಳುವಿನ ಕ್ಷೇಮಕ್ಕೂ ಒಂದು ಸಾಲು ದೊರೆಯಿತು. ಹಾಗೆ ಗುರುತಿಸಿದ ತಾಣಗಳಲ್ಲಿ ಕೆನಡಾದ ಕಾಲಿಂಗ್‌ವುಡ್ ಬಂದರು ೧೯೯೪ರಲ್ಲಿ, ಎಲ್ಲಕ್ಕೂ ಮೊದಲು, ಪಟ್ಟಿಯಿಂದ ಬಿಡುಗಡೆ ಹೊಂದಿತು.

ಈ ಸಾಕ್ಷಿಗಳನ್ನು ಕೇಳದೆ ಹೋದರೆ ಏನಾದೀತೆಂಬುದಕ್ಕೆ ಪಕ್ಕದ ಈರಿ ಸರೋವರದ ಕತೆಯಿದೆ. ಅದರ ಪಶ್ಚಿಮ ಭಾಗದ ತಳದಲ್ಲಿ ಹೆಕ್ಸಜೀನಿಯ ಮರಿಗಳು ಚದರ ಮೀಟರಿಗೆ ನೂರಾರು ಇದ್ದುವು. ಒಂದೆರಡು ವರ್ಷ ಕೆಸರಿನಲ್ಲಿ ಕಳೆದು, ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಒಮ್ಮೆಲೇ ಮೇಲೆದ್ದು ರೆಕ್ಕೆ ಬಿಚ್ಚುವುವು. ರೆಕ್ಕೆ ಬಂದ ಮೇಲೆ ಅವಕ್ಕೆ ಉಣ್ಣಲು ಬಾಯಿಯೇ ಇಲ್ಲ. ಒಂದೆರಡು ದಿನದಲ್ಲಿ ಕೂಡಿ, ಮೊಟ್ಟೆಯಿಟ್ಟು, ಸಾಯುವುವು. ದಡದ ಊರುಗಳಲ್ಲಿ ಬೀದಿದೀಪಗಳ ಕೆಳಗೆ ರಾಶಿಬಿದ್ದ ಅವನ್ನು ಗುಡಿಸಬೇಕಾಗುತ್ತಿತ್ತು. ೧೯೫೩ರ ಬೇಸಿಗೆಯ ಕೊನೆಯಲ್ಲಿ ಗಾಳಿಯಿಲ್ಲದ ಬಿಸಿ ದಿನಗಳು ಬಂದು, ನೀರು ಮೇಲಿನ ಬಿಸಿ ಪದರ, ಕೆಳಗಿನ ತಣ್ಣನೆಯ ಪದರಗಳೆಂದು ಬೇರೆಯಾಗಿ, ಚರಂಡಿಯ ಸಾರದಿಂದ ಕೊಬ್ಬಿದ್ದ ತಳದಲ್ಲಿ ಆಮ್ಲಜನಕ ಮುಗಿದುಹೋಯಿತು. ಬ್ರಿಟ್ ಎಂಬ ವಿಜ್ಞಾನಿ ಕೆಸರನ್ನು ಎತ್ತಿ ನೋಡಿದಾಗ ಸಿಕ್ಕಿದುದು ಸತ್ತ ಮರಿಗಳು. ಅದಾದ ಮೇಲೆ ದಶಕಗಳ ಕಾಲ ಆ ದಡದಲ್ಲಿ ಗುಡಿಸುವ ಕೆಲಸ ಇರಲಿಲ್ಲ. ಹಾಳು ಹುಳು ಹೋಯಿತೆಂದು ಸಂತೋಷಪಟ್ಟವರೂ ಇದ್ದಿರಬೇಕು. ೧೯೭೨ರ ಒಪ್ಪಂದದ ಬಳಿಕ ಸರೋವರಕ್ಕೆ ಹರಿಯುವ ರಂಜಕವನ್ನು ತಡೆದು, ವರ್ಷಗಟ್ಟಲೆ ಕಾದ ಮೇಲೆ, ೧೯೯೦ರ ದಶಕದ ಮೊದಲಲ್ಲಿ ಅವು ಮರಳಿದುವು. ಈಗ ಅವು ಏಳುವ ರಾತ್ರಿ ಹವಾಮಾನದ ರೇಡಾರಿನ ತೆರೆಯ ಮೇಲೆ ಮಳೆಮೋಡದಂತೆ ಕಾಣಿಸುತ್ತವೆ. ಮತ್ತೆ ಗುಡಿಸಬೇಕಾಗಿದೆ, ಈ ಸಲ ಗುಡಿಸುವವರು ಅಷ್ಟಾಗಿ ಗೊಣಗುವುದಿಲ್ಲವಂತೆ.

ಇದನ್ನೆಲ್ಲ ಮನೆಗೆ ಬಂದು ಹೇಳಿದಾಗ ನನ್ನ ಸೊಸೆ, "ಆದರೂ ಮಾವ, ನಾವು ಮಾಡಿದ ಕೊಳೆಗೆ ಆ ಹುಳುಗಳನ್ನು ಬಿಟ್ಟು ಸಾಯಿಸೋದು ಪಾಪ ಅಲ್ಲವೇ?" ಎಂದಳು. ಉತ್ತರ ತಟ್ಟನೆ ಹೊಳೆಯಲಿಲ್ಲ. ಪಾಪವಿರಬಹುದು. ಆದರೆ ಲೋಟದಲ್ಲಿ ಹತ್ತಾರು ಸತ್ತಾಗ ನಾವು ಎಣಿಸುತ್ತೇವೆ. ಸರೋವರದಲ್ಲಿ ಕೋಟಿ ಸತ್ತಾಗ ಎಣಿಸಿರಲಿಲ್ಲ. ಎಣಿಸುವುದರಿಂದ ಪಾಪ ಕಳೆಯಿತೆನ್ನಲಾರೆ. ಅದು ಕಣ್ಣಿಗೆ ಕಾಣುವಂತಾಯಿತು, ಅಷ್ಟೆ.

ಊರಿಗೆ ಹಿಂದಿರುಗಿದೆ. ನನ್ನ ತಮ್ಮ ಈಗಲೂ ತಾತನ ಹೊಲವನ್ನೇ ಉಳುತ್ತಾನೆ. ನಾನು ಹೋದ ದಿನ ಹೊಲದ ಬದುವಿನಲ್ಲಿ ಕಪ್ಪು ಮಣ್ಣಿನ ಗುಡ್ಡೆಗಳಿದ್ದುವು. "ಗೋಡು ಅಣ್ಣ. ಪಟ್ಟಣದ ಕೆರೆ ಹೂಳು ತೆಗೀತಾವ್ರೆ. ಲಾರಿ ಬಾಡಿಗೆ ಕೊಟ್ರೆ ಆಯ್ತು. ಹತ್ತು ಲೋಡು ಮೂಲೆಗೆ ಹರಡ್ಸಿದ್ದೀನಿ, ಇನ್ನು ಮೂವತ್ತು ಲೋಡಿಗೆ ಮುಂಗಡ ಕೊಟ್ಟಿದ್ದೀನಿ" ಎಂದ. ಹಿಡಿಯಷ್ಟನ್ನು ಅಂಗೈಯಲ್ಲಿ ಹರಡಿದೆ. ವಾಸನೆ ಗೋಡಿನದಾಗಿರಲಿಲ್ಲ, ಎಣ್ಣೆಯ ಕಮಟಿತ್ತು. ಆ ಕೆರೆಗೆ ಪಟ್ಟಣದ ಚರಂಡಿಯೂ ಸಣ್ಣಪುಟ್ಟ ಕಾರ್ಖಾನೆಗಳ ನೀರೂ ಬಂದು ಸೇರುವುದನ್ನು ನಾನು ಬಲ್ಲೆ. ಇದು ಒಂದು ಕೆರೆಯ ಮಾತಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿದ್ದನ್ನೂ, ೨೦೧೫ರಲ್ಲಿ ಮತ್ತು ೨೦೧೭ರಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನೂ ನಾವೆಲ್ಲ ಕಂಡೆವು. ನೊರೆ, ಬೆಂಕಿ ಕಣ್ಣಿಗೆ ಬೀಳುತ್ತವೆ. ತಳದ ಕೆಸರು ಬೀಳುವುದಿಲ್ಲ. ತಾತನ ಕಾಲದ ಗೋಡು ಹೊಲದಿಂದ ಹೊರಟು ಹೊಲಕ್ಕೆ ಬರುತ್ತಿತ್ತು. ಈಗಿನದು ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತಿದೆ?

"ಹಾಕಿಸ್ಲೋ ಬ್ಯಾಡ್ವೋ, ನೀನೇ ಹೇಳಣ್ಣ" ಎಂದ ತಮ್ಮ. ನಾನು ದನದ ತೊಟ್ಟಿಯ ತಳದ ಬಗ್ಗಡವನ್ನು ಕೆದಕಿ ಕೆಂಪು ಮರಿಗಳನ್ನು ಹಿಡಿದೆ. ಕೆಲವು ಬೋಗುಣಿಗಳಿಗೆ ಪಟ್ಟಣದ ಗೋಡು, ಅಷ್ಟೇ ಬೋಗುಣಿಗಳಿಗೆ ನಮ್ಮೂರ ಕೆರೆಯ ಗೋಡು, ಮೇಲೆ ಬಾವಿಯ ನೀರು, ಮೀನು ಸಾಕುವವರಿಂದ ತಂದ ಗಾಳಿಯ ಪಂಪು, ಚಿಟಿಕೆ ಮೀನಿನ ಮೇವು. ಹತ್ತು ದಿನ ಕಾದೆ. ಹನ್ನೊಂದನೆಯ ದಿನ ಕಾಫಿ ಸೋಸುವ ಜಾಲರಿಯಲ್ಲಿ ಸೋಸಿ ಎಣಿಸಿದೆವು. ಮನೆಯವರು ಆ ಜಾಲರಿಯನ್ನು ಮತ್ತೆ ಒಳಕ್ಕೆ ಸೇರಿಸಲಿಲ್ಲ. ನಮ್ಮೂರ ಗೋಡಿನಲ್ಲಿ ಹೆಚ್ಚಿನವು ಉಳಿದು ದಪ್ಪಗಾಗಿದ್ದುವು. ಪಟ್ಟಣದ ಗೋಡಿನಲ್ಲಿ ಅರ್ಧಕ್ಕೂ ಹೆಚ್ಚು ಇರಲಿಲ್ಲ, ಇದ್ದವು ಬಡಕಲು.

ಇದು ಪ್ರಮಾಣವಲ್ಲವೆಂದು ನಾನೇ ಮೊದಲು ಒಪ್ಪುತ್ತೇನೆ. ಚರಂಡಿಯ ಮಣ್ಣಿನಲ್ಲಿರುವ ಅಮೋನಿಯ ಒಂದೇ ಅವನ್ನು ಕೊಂದಿರಬಹುದು. ಅದು ಹೊಲಕ್ಕೆ ಗೊಬ್ಬರವೇ ಆದೀತು. ಹುಳುವಿನ ಸಾವು ತೀರ್ಪಲ್ಲ, ತಡೆದು ವಿಚಾರಿಸಿ ಎಂಬ ಮೊರೆ. ಆದುದರಿಂದ ಮಣ್ಣನ್ನು ಒಂದು ಪ್ರಯೋಗಶಾಲೆಗೂ ಕಳುಹಿಸಿದೆವು. ಸತು, ಸೀಸ, ತಾಮ್ರಗಳು ಎಷ್ಟೆಷ್ಟಿವೆಯೆಂದು ಅಚ್ಚುಕಟ್ಟಾದ ಪಟ್ಟಿ ಬಂದಿತು. ಎಷ್ಟಿವೆ ಎಂದು ಅದು ಹೇಳಿತು. ಏನು ಮಾಡಾವು ಎಂದು ಹೇಳಲಿಲ್ಲ.

ತಮ್ಮ ಉಳಿದ ಮೂವತ್ತು ಲೋಡನ್ನು ಬೇಡವೆಂದ. ಮುಂಗಡ ಮರಳಿ ಬರಲಿಲ್ಲ. "ಒಂದು ಹಿಡಿ ಹುಳದ ಮಾತು ಕೇಳಿ ದುಡ್ಡು ಕಳ್ಕೊಂಡೆ" ಎಂದು ನನ್ನೆದುರಿಗೇ ಹೇಳಿದ. ಅದಕ್ಕಿಂತ ಇರಿಸುಮುರಿಸಾದುದೆಂದರೆ, ಗೋಡು ಹರಡಿದ್ದ ಆ ಮೂಲೆಯಲ್ಲಿ ಆ ವರ್ಷ ರಾಗಿ ಎದೆಯುದ್ದ ಬೆಳೆಯಿತು, ತೆನೆಗಳು ಮುಷ್ಟಿಯಷ್ಟಾದುವು. ಬದುವಿನ ಮೇಲೆ ನಿಂತು ಅವನು ಪೈರನ್ನು ನೋಡಿದ, ನನ್ನನ್ನು ನೋಡಿದ. ಚರಂಡಿಯ ಸಾರಕ್ಕೆ ಪೈರು ಕೊಬ್ಬುವುದು ಸಹಜ, ಕಾಳಿನೊಳಕ್ಕೆ ಏನು ಇಳಿದಿದೆಯೋ ಎತ್ತರದಿಂದ ತಿಳಿಯದು ಎಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ. ಎದೆಯುದ್ದದ ರಾಗಿಯ ಮುಂದೆ ನಿಂತು ಅಂಥ ಮಾತಾಡುವುದು ಕಷ್ಟ.

ಮೊನ್ನೆ ಸುಗ್ಗಿ ಮುಗಿದ ಮೇಲೆ ಹೋಗಿದ್ದೆ. ರಾಗಿಯ ಚೀಲಗಳನ್ನು ಅಟ್ಟಕ್ಕೆ ಏರಿಸಿದ್ದರು. ಎರಡು ಚೀಲಗಳು ಮಾತ್ರ ಕೆಳಗೆ ಬಾಗಿಲ ಹಿಂದೆ ಪ್ರತ್ಯೇಕವಾಗಿದ್ದುವು. ಬಾಯಿಗೆ ಕೆಂಪು ದಾರ ಕಟ್ಟಿತ್ತು. "ಇವೇನೋ?" ಎಂದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂಲೇದು" ಎಂದ. ಮಾರಿಲ್ಲ. ಬೀಸಿಸಿಯೂ ಇಲ್ಲ.